ಎಡಗಡೆಯ ಸಮುದ್ರ

ಮಹಾರಾಣಿಯ ಹಾಲು ಆ ದಿನವೂ ಕಳುವಾಗಿತ್ತು.

ಬಕೆಟ್ಟಿನ ತಳದಲ್ಲಿ ಒಂದು ಲೋಟದಷ್ಟು ಹಾಲು. ಅದರ ಮೇಲೊಂದು ಹುಲ್ಲುಕಡ್ಡಿ ತೇಲುತ್ತಿತ್ತು. ಒಡತಿ ಬಕೆಟ್ಟನ್ನು ಓರೆ ಮಾಡಿ ನೋಡಿದಳು. ನೇರ ಮಾಡಿ ನೋಡಿದಳು. ಹೇಗೆ ನೋಡಿದರೂ ಅಷ್ಟೇ.

"ನನ್ ಕೈಯಲ್ಲೇನೂ ದೋಷ ಇಲ್ಲ ಅಕ್ಕಾ," ಎಂದಳು ಓರಗಿತ್ತಿ. ಅವಳು ಇನ್ನೂ ಹಸುವಿನ ಪಕ್ಕದ ಮಣೆಯ ಮೇಲೇ ಕುಳಿತಿದ್ದಳು. "ಬೇರೆ ಹಸುಗಳೆಲ್ಲ ಕೊಡ್ತಾವೆ. ಇವಳೊಬ್ಬಳೇ ಹೀಗೆ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದಿತು ಬಾಗಿಲ ಕಡೆಯಿಂದ ಅತ್ತೆಯ ದನಿ.

"ನಾನು ನೆಲದ ಸುದ್ದಿಗೇ ಹೋಗಿಲ್ಲ ಅತ್ತೆ."

"ಸಾಕು," ಎಂದಳು ಒಡತಿ. ಬಕೆಟ್ಟನ್ನು ಕೆಳಗಿಟ್ಟಳು. ಮೆಲ್ಲಗೆ ಇಟ್ಟಳು. ಅವಳು ಮೆಲ್ಲಗೆ ಇಟ್ಟರೆ ಮನೆಯವರಿಗೆ ಭಯ. "ನಾನು ಹೋಗಲ್ಲ. ಶುಕ್ರವಾರದ ರೈಲು ನಾನಿಲ್ದೇನೇ ಹೋಗ್ಲಿ."

ಅದು ಸಣ್ಣ ಮಾತಾಗಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಒಡತಿ ಬೇರೆ ಊರಿನಲ್ಲಿ ಒಂದು ರಾತ್ರಿ ಮಲಗಿದವಳಲ್ಲ. ಹಸುವಿಗೆ ರಜೆ ಎಂಬುದಿಲ್ಲ. ಬೆಳಿಗ್ಗೆ ಕರೆಯಬೇಕು, ಸಂಜೆ ಕರೆಯಬೇಕು. ಅದರಲ್ಲೂ ಮಹಾರಾಣಿ ಎರಡು ಹಸುವಿನ ಹಾಲು ಕೊಡುವವಳು, ನಾಲ್ಕು ಹಸುವಿನ ಹಟ ಇದ್ದವಳು. ಒಡತಿಯ ಕೈ ಬಿಟ್ಟರೆ ಬೇರೆ ಕೈ ಒಲ್ಲಳು. ಅಂಥದ್ದರಲ್ಲಿ ಈ ವರ್ಷ ಓರಗಿತ್ತಿ, "ಅಕ್ಕಾ, ನಾಲ್ಕು ದಿನ ನಾನು ನೋಡ್ಕೋತೀನಿ, ಹೋಗಿ ಬನ್ನಿ," ಎಂದಿದ್ದಳು. ಬೆಳಗಿನ ಹೊತ್ತು ಅವಳು ಕರೆಯುವುದು, ಒಡತಿ ಪಕ್ಕದಲ್ಲಿ ನಿಂತಿರುವುದು, ಹೀಗೆ ಮಹಾರಾಣಿಗೆ ಅಭ್ಯಾಸ ಮಾಡಿಸುತ್ತಿದ್ದರು. ಮೊದಮೊದಲು ಚೆನ್ನಾಗಿಯೇ ನಡೆದಿತ್ತು. ಈಗ ಕೆಲವು ದಿನದಿಂದ ಬಕೆಟ್ಟಿನಲ್ಲಿ ಹುಲ್ಲುಕಡ್ಡಿ ತೇಲುತ್ತಿತ್ತು.

ಗಂಡನ ಜೊತೆ ಹೋಗಬೇಕಾಗಿದ್ದದ್ದು ಉತ್ತರದ ಕರಾವಳಿಗೆ. ಬಂದರಿನ ಊರು, ಕೋಟೆಯ ಊರು, ದೀಪಸ್ತಂಭದ ಊರು. ಮೂರನ್ನೂ ಪೋಣಿಸಿಕೊಂಡು, ಬೆಟ್ಟ ಕೊರೆದು, ಸಮುದ್ರಕ್ಕೆ ಆತುಕೊಂಡು ಓಡುವ ಒಂದು ರೈಲು. ಅವನ ಬಾಯಲ್ಲಿ ಆ ರೈಲಿನ ಕಥೆ ಕೇಳಿ ಕೇಳಿ ಒಡತಿಯ ಕೂದಲು ಬೆಳ್ಳಗಾಗತೊಡಗಿತ್ತು.

"ಅದಕ್ಕೆ ಕಾಯಿಲೆ ಇರಬೇಕು," ಎಂದ ಅವಳ ಗಂಡ, ಕೊಟ್ಟಿಗೆಯ ಹೊಸ್ತಿಲಾಚೆ ನಿಂತು. "ಪಾಪ, ಕಾಯಿಲೆ ಹಸು ಬಿಟ್ಟು ಹೋಗೋದು ಹೇಗೆ? ಮುಂದಿನ ವರ್ಷ ಹೋದರಾಯ್ತು. ರೈಲೇನು ಓಡಿಹೋಗುತ್ತಾ?"

"ರೈಲು ಓಡಿಹೋಗದೆ ಇನ್ನೇನ್ರೀ ಮಾಡುತ್ತೆ?" ಎಂದಳು ಒಡತಿ. ಹಾಗೆಂದು ಕಣ್ಣೊರೆಸಿಕೊಂಡಳು.

ಓರಗಿತ್ತಿ ದನದ ಡಾಕ್ಟರಮ್ಮನಿಗೆ ಫೋನ್ ಮಾಡಿದಳು.

*

ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದಳು. ಗಮ್‌ಬೂಟು ಹಾಕಿಕೊಂಡಳು. ತೋಳು ಮಡಚಿದಳು. ಯಾರನ್ನೂ ಏನೂ ಕೇಳಲಿಲ್ಲ.

"ಏನಾಗಿದೆ ಅಂತ ಹೇಳ್ಲಾ ಡಾಕ್ಟ್ರಮ್ಮ?" ಎಂದ ಗಂಡ.

"ಬೇಡಿ. ನನ್ ರೋಗಿಗಳು ಸುಳ್ಳು ಹೇಳಲ್ಲ. ಕರ್ಕೊಂಡು ಬರೋರು ಹೇಳ್ತಾರೆ. ಮೊದಲು ಅವಳನ್ನ ಕೇಳ್ತೀನಿ."

ಮಹಾರಾಣಿಯ ಜ್ವರ ನೋಡಿದಳು. ಇರಲಿಲ್ಲ. ಕಿವಿ ಮುಟ್ಟಿದಳು. ಬೆಚ್ಚಗಿತ್ತು. ಹಸು ಮೆಲುಕು ಹಾಕುತ್ತಿತ್ತು, ಊರಿನ ಪಂಚಾಯಿತಿ ಮುಗಿಸಿ ಬಂದವರ ಹಾಗೆ ನೆಮ್ಮದಿಯಾಗಿ. ಆಮೇಲೆ ಡಾಕ್ಟರಮ್ಮ ಬಗ್ಗಿ ಕೆಚ್ಚಲಿಗೆ ಕೈ ಹಾಕಿದಳು. ಒತ್ತಿದಳು. ಇನ್ನೊಂದು ಕಡೆ ಒತ್ತಿದಳು. ಎದ್ದು ನಿಂತಳು.

"ಕಾಯಿಲೆ ಇಲ್ಲ."

"ಹಾಗಾದ್ರೆ ಹಟ. ನನಗೆ ಬಿಟ್ಟುಕೊಡ್ತಿಲ್ಲ," ಎಂದಳು ಓರಗಿತ್ತಿ, ಅಳು ಬಂದವಳ ಹಾಗೆ.

"ಹಟವೂ ಅಲ್ಲ. ಹಸು ಹಾಲು ಹಿಡಿದಿಟ್ಟುಕೊಂಡ್ರೆ ಕೆಚ್ಚಲು ಕಲ್ಲಿನ ಹಾಗಿರುತ್ತೆ. ಇಲ್ಲಿ ಮುಟ್ಟಿ ನೋಡಿ. ಒಗೆದು ಹಿಂಡಿದ ಬಟ್ಟೆ ಇದ್ದ ಹಾಗಿದೆ."

ಒಡತಿ ಮುಟ್ಟಿದಳು. ಅವಳ ಮುಖ ಬದಲಾಯಿತು.

"ಯಾರೋ ಕರೆದಿದ್ದಾರೆ."

"ಹೌದು. ಚೆನ್ನಾಗಿ ಕರೆದಿದ್ದಾರೆ. ನೀವೆಲ್ಲ ಏಳೋ ಮೊದಲೇ."

"ಕಳ್ಳರು!" ಎಂದಳು ಅತ್ತೆ.

"ಹೊರಗಿನ ಕಳ್ಳ ಇವಳ ಹತ್ತಿರ ಕೂತರೆ ಎದ್ದು ಹೋಗೋದು ಆಸ್ಪತ್ರೆಗೇ," ಎಂದಳು ಡಾಕ್ಟರಮ್ಮ. ಹೋದ ವರ್ಷ ಮಹಾರಾಣಿ ಒದ್ದಿದ್ದ ಮೊಣಕಾಲನ್ನು ನೆನಪಿನಿಂದಲೇ ಸವರಿಕೊಂಡಳು. "ಇದು ಮನೆಯವರ ಕೈ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಗಂಡ ಮಾತ್ರ ಸೂರಿನ ಹೆಂಚು ನೋಡುತ್ತಿದ್ದ.

"ಕರು ಕುಡಿದಿರಬಹುದಲ್ಲ?" ಎಂದ.

ಕರು ಆಚೆ ಮೂಲೆಯಲ್ಲಿ ಹಸಿವಿನಿಂದ ಕಿರುಚುತ್ತಿತ್ತು. ಅದರ ಮೂತಿ ಒಣಗಿತ್ತು. ಡಾಕ್ಟರಮ್ಮ ಅದರ ಕಡೆ ಕೈ ತೋರಿಸಿದಳು.

ಹೊರಡುವಾಗ ಒಡತಿ ಅವಳ ಕೈ ಹಿಡಿದಳು.

"ಡಾಕ್ಟ್ರಮ್ಮ, ನಾನು ಹೋಗದಿದ್ರೂ ಚಿಂತೆಯಿಲ್ಲ. ಆದ್ರೆ ನಾನು ಹೋಗಬಾರದು ಅಂತ ಈ ಮನೇಲಿ ಯಾರಿಗೋ ಇದೆಯಲ್ಲ, ಅದು ಯಾರು ಅಂತ ತಿಳೀದೆ ನನಗೆ ಊಟ ಸೇರಲ್ಲ."

ಡಾಕ್ಟರಮ್ಮ ಗಮ್‌ಬೂಟು ಬಿಚ್ಚಲಿಲ್ಲ.

*

ಮೊದಲು ಓರಗಿತ್ತಿ. ಪಕ್ಕದ ಮನೆ ಅವಳದು. ಒಲೆಯ ಮೇಲೆ ನೀರು ಕುದಿಯುತ್ತಿತ್ತು.

"ನಾಲ್ಕು ದಿನ ಎಲ್ಲ ಹಸುಗಳನ್ನ ಕರೆಯೋದು ಅಂದ್ರೆ ಸುಲಭ ಅಲ್ಲ. ಒಪ್ಪಿಕೊಂಡು ತಪ್ಪಾಯ್ತು ಅನ್ನಿಸಿದೆಯಾ?"

"ಅನ್ನಿಸಿದೆ. ದಿನಾ ಅನ್ಸುತ್ತೆ." ಓರಗಿತ್ತಿ ಮುಚ್ಚುಮರೆ ಇಲ್ಲದೆ ಹೇಳಿದಳು. "ಆದ್ರೆ ಅಕ್ಕ ವಾಪಸ್ ಬಂದ ಮೇಲೆ ಅವರು ಹಸು ನೋಡ್ಕೋಬೇಕು, ನಾನು ಹೋಗಬೇಕು. ಹಾಗೆ ಮಾತಾಗಿದೆ. ನನ್ ಸರದಿ ನಾನೇ ಹಾಳು ಮಾಡ್ಕೋತೀನಾ?"

ಡಾಕ್ಟರಮ್ಮ ತಲೆಯಾಡಿಸಿದಳು. "ಹಾಲು ಕಮ್ಮಿಯಾಗಿದ್ದು ಯಾವಾಗಿಂದ?"

"ಭಾವ ಪೇಟೆಯಿಂದ ಆ ನಕ್ಷೆ ತಂದ್ರಲ್ಲ, ಅದರ ಮಾರನೇ ದಿನದಿಂದ. ಆವತ್ತು ಸಂಜೆಯೆಲ್ಲ ಗೋಡೆಗೆ ಮೊಳೆ ಹೊಡೆದು ತಲೆನೋವು ಬರಿಸಿದ್ರು. ಅದಕ್ಕೇ ನೆನಪಿದೆ."

ಎರಡನೆಯದು ಅತ್ತೆ. ಅವಳ ಮಾತು ಊರಿಗೇ ಗೊತ್ತಿತ್ತು: 'ಹಸು ಬಿಟ್ಟು ತಿರುಗೋರು ಮನೆ ಬಿಟ್ಟು ತಿರುಗಿದ ಹಾಗೆ.' ಈ ಮಾತನ್ನು ಟಿಕೆಟ್ಟು ಬಂದ ದಿನದಿಂದ ಊಟಕ್ಕೊಮ್ಮೆ ಹೇಳುತ್ತಿದ್ದಳು. ಡಾಕ್ಟರಮ್ಮ ಅವಳ ಕೋಣೆಗೆ ಹೋದಾಗ ಮುದುಕಿ ತಟ್ಟನೆ ಕಾಲು ಚಾಚಿ ಮಂಚದ ಕೆಳಗೆ ಏನನ್ನೋ ಒಳಕ್ಕೆ ತಳ್ಳಿದಳು.

"ಅದೇನಮ್ಮ?"

"ಏನಿಲ್ಲ. ಹಳೇ ಚಪ್ಪಲಿ."

"ಚಪ್ಪಲಿಗೆ ಹಿಡಿಕೆ ಇದೆ."

ಡಾಕ್ಟರಮ್ಮ ಬಗ್ಗಿ ಎಳೆದಳು. ಒಂದು ಕೈಚೀಲ. ತುಂಬಿ ಬಿರಿಯುತ್ತಿತ್ತು. ಹಾಲಿನ ಡಬ್ಬಿ ಇರಬಹುದೆಂದು ಜಿಪ್ಪು ತೆಗೆದಳು. ಸ್ವೆಟರು. ಕಿವಿಗೆ ಕಟ್ಟುವ ಉಣ್ಣೆಯ ಬಟ್ಟೆ. ಒಗೆದು ಮಡಚಿಟ್ಟ ಬಟ್ಟೆಗಳು. ಒಂದು ಟಾರ್ಚು. ಗಾಳಿ ಊದುವ ದಿಂಬು.

ಮುದುಕಿ ಕಿಟಕಿಯ ಕಡೆ ತಿರುಗಿಕೊಂಡಳು.

"ಎಲ್ಲಿಗೆ ಹೊರಟಿದ್ದೀರಿ?"

"ಎಲ್ಲಿಗೂ ಇಲ್ಲ. ಯಾರಾದ್ರೂ ಬಾಯಿ ತಪ್ಪಿ 'ನೀವೂ ಬನ್ನಿ' ಅಂದ್ರೆ... ತಡ ಆಗಬಾರದು ಅಂತ." ದನಿ ತಗ್ಗಿಸಿದಳು. "ಯಾರೂ ಅನ್ಲಿಲ್ಲ. ಸಿಟ್ಟು ಬರಲ್ವಾ? ಅದಕ್ಕೇ ಹಸು, ಮನೆ ಅಂತ ಏನೇನೋ ಅಂದೆ."

ಡಾಕ್ಟರಮ್ಮ ಜಿಪ್ಪು ಎಳೆದು ಚೀಲವನ್ನು ಇದ್ದಲ್ಲೇ ಇಟ್ಟಳು. "ನಿಮ್ಮ ಮಗ ಆ ರೈಲಲ್ಲಿ ನಿಜವಾಗ್ಲೂ ಹೋಗಿದ್ನಾ?"

"ಹೋಗಿದ್ದ. ಮದುವೆಗೆ ಮುಂಚೆ. ನಾನೇ ಸ್ಟೇಷನ್ನಿಗೆ ಹೋಗಿ ಹತ್ತಿಸಿ ಬಂದಿದ್ದೆ. ಕಿಟಕಿಯಲ್ಲಿ ಕೈ ಬೀಸು ಅಂದ್ರೆ ಎಲ್ಲಿ ಬೀಸ್ತಾನೆ? ಗಾಡಿ ಅಲುಗಾಡಿದ್ದೇ ತಡ, ತಲೆ ವಾಲಿಸಿದ. ಚಿಕ್ಕಂದಿನಿಂದಲೂ ಹಾಗೇ. ತೊಟ್ಟಿಲು, ಗಾಡಿ, ಟ್ರಾಕ್ಟರು, ಅಲುಗಾಡಿದ್ದರಲ್ಲೆಲ್ಲ ನಿದ್ದೆ. ಎಲ್ಲ ಅವರಪ್ಪನ ಕಡೆ ಗುಣ. ನಮ್ಮ ಕಡೆಯವರಿಗೆ ಆ ರೋಗ ಇಲ್ಲ."

ಹೊರಗೆ ಬಂದಾಗ ಹುಲ್ಲಿನ ಬಣವೆಯ ಮೇಲೆ ಮನೆಯ ಬೆಕ್ಕು ಮಲಗಿತ್ತು. ಹೊಟ್ಟೆ ತಮಟೆಯ ಹಾಗಿತ್ತು. ಒಡತಿ ರೂಢಿಯಂತೆ ಅದರ ತಟ್ಟೆಗೆ ಒಂದಿಷ್ಟು ಹಾಲು ಸುರಿದು, "ಬಾರೇ," ಎಂದಳು. ಬೆಕ್ಕು ಒಂದು ಕಣ್ಣು ತೆರೆಯಿತು. ಹಾಲು ನೋಡಿತು. ಬೇಡ ಎಂಬಂತೆ ಮುಖ ತಿರುಗಿಸಿತು.

ಡಾಕ್ಟರಮ್ಮ ನಿಂತುಬಿಟ್ಟಳು. ಇಷ್ಟು ವರ್ಷದ ವೃತ್ತಿಯಲ್ಲಿ ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕನ್ನು ಕಂಡಿದ್ದಳು. ಕಣ್ಣು ತೆರೆದು ಹಾಲು ಬೇಡವೆಂದದ್ದನ್ನು ಕಂಡಿರಲಿಲ್ಲ.

"ಇದು ದಿನಾ ಎಲ್ಲಿ ಇರುತ್ತೆ?"

"ಈಗೀಗ ಇವರ ರೈಲಿನ ಕೋಣೆ ಬಾಗಿಲಲ್ಲೇ ಬಿದ್ದಿರುತ್ತೆ," ಎಂದಳು ಒಡತಿ.

*

ಊರಿನವರು ಒಡತಿಯ ಗಂಡನನ್ನು ಕರೆಯುತ್ತಿದ್ದದ್ದು 'ಸ್ಟೇಷನ್ ಮಾಸ್ಟರ್' ಎಂದು. ರೈಲ್ವೆಯಲ್ಲಿ ಅವನು ಒಂದು ದಿನವೂ ಕೆಲಸ ಮಾಡಿದವನಲ್ಲ. ಅವನ ಕೆಲಸ ಮೇವು ಬೆಳೆಯುವುದು, ಹುಲ್ಲು ಒಟ್ಟುವುದು. ಹಾಲು ಕರೆಯುವುದಕ್ಕೆ ಮಾತ್ರ ಅವನು ಬರುತ್ತಿರಲಿಲ್ಲ. 'ಮಹಾರಾಣಿ ನನ್ನ ಹತ್ತಿರ ಸೇರಿಸಲ್ಲ' ಎನ್ನುತ್ತಿದ್ದ. ಅವಳ ತಾಯಿಯೂ ಸೇರಿಸುತ್ತಿರಲಿಲ್ಲವಂತೆ. ಅಜ್ಜಿಯೂ ಅಷ್ಟೇ. ಆದರೆ ಆ ರೈಲಿನ ವಿಷಯಕ್ಕೆ ಬಂದರೆ ಊರಿಗೆಲ್ಲ ಅವನೇ ಹಿರಿಯ. ಯಾರಾದರೂ ಉತ್ತರಕ್ಕೆ ಹೋಗುವುದಾದರೆ ಅವನನ್ನು ಕೇಳಿ ಹೋಗುತ್ತಿದ್ದರು.

ಹಳೆಯ ಹಿಂಡಿ ಕೋಣೆಯನ್ನು ಪ್ರವಾಸಕ್ಕಾಗಿ ತೆರವು ಮಾಡಿಕೊಂಡಿದ್ದ. ಒಳಗೆ ಹಿಂಡಿಯ ವಾಸನೆ. ಅದರ ಜೊತೆಗೆ ಹುಳಿಯ ಇನ್ನೊಂದು ವಾಸನೆ. ಗೋಡೆಯ ಮೇಲೆ ದೊಡ್ಡ ನಕ್ಷೆ. ಮೂರು ಊರಿಗೆ ಮೂರು ಮೊಳೆ. ಮೊಳೆಯಿಂದ ಮೊಳೆಗೆ ಕೆಂಪು ದಾರ. ದಾರದ ಪಕ್ಕದಲ್ಲೇ, ನಕ್ಷೆಯ ಕಾಲುಭಾಗ ಮುಚ್ಚುವಂತೆ, ಕ್ಯಾಲೆಂಡರಿನಿಂದ ಕತ್ತರಿಸಿದ ರೈಲಿನ ಚಿತ್ರವೊಂದನ್ನು ಅಂಟಿಸಿದ್ದ.

"ಸಮುದ್ರ ಎಲ್ಲಿ?" ಎಂದಳು ಡಾಕ್ಟರಮ್ಮ.

"ರೈಲಿನ ಕೆಳಗಿದೆ. ಚಂದಕ್ಕೆ ಅಂಟಿಸಿದ್ದು."

"ಕರಾವಳಿಗೆ ಹೋಗೋರು ಸಮುದ್ರಾನೇ ಮುಚ್ಚಿದ್ದೀರಲ್ಲ!"

ಸ್ಟೇಷನ್ ಮಾಸ್ಟರ್ ನಕ್ಕ. ಹಣೆಯ ಬೆವರು ಮಾತ್ರ ನಗಲಿಲ್ಲ.

"ಸೀಟು ಯಾವ ಕಡೆ ತಗೊಂಡಿದ್ದೀರಿ?"

"ಎಡಗಡೆ. ನಕ್ಷೆ ತರೋ ಮೊದಲೇ ಟಿಕೆಟ್ ಮಾಡಿಸಿಬಿಟ್ಟಿದ್ದೆ."

"ನಕ್ಷೆ ನೋಡಿದ ಮೇಲೆ?"

"ನೋಡಿದ ಮೇಲೇನು? ನೋಡಿದ ಮೇಲೆ... ಎಡಗಡೆನೇ." ಅವನು ಹೆಗಲ ಮೇಲಿನ ಟವೆಲಿನಿಂದ ಕತ್ತು ಒರೆಸಿಕೊಂಡ.

ಡಾಕ್ಟರಮ್ಮ ಮೇಜಿನ ಕೆಳಗೆ ಹಾಸಿದ್ದ ಗೋಣಿಚೀಲದ ಕಡೆ ನೋಡಿದಳು. ಅದರ ಒಂದು ತುದಿಯನ್ನು ಬೆಕ್ಕು ನೆಕ್ಕಿ ನೆಕ್ಕಿ ಬಿಳುಪಾಗಿಸಿತ್ತು. ಅವಳು ಗೋಣಿ ಎತ್ತಲಿಲ್ಲ.

"ಸಂಜೆ ಕರೆಯೋ ಹೊತ್ತಿಗೆ ಕೊಟ್ಟಿಗೆಗೆ ಬನ್ನಿ," ಎಂದಳು. "ಎಲ್ಲರೂ ಬನ್ನಿ."

*

ಸಂಜೆ. ಮಹಾರಾಣಿಯ ಕೆಚ್ಚಲು ತುಂಬಿತ್ತು. ಡಾಕ್ಟರಮ್ಮ ಯಾರಿಗೂ ಬಕೆಟ್ಟು ಮುಟ್ಟಗೊಡಲಿಲ್ಲ. ಅತ್ತೆ ಮಣೆಯ ಮೇಲೆ ಕುಳಿತಳು. ಓರಗಿತ್ತಿ ಕಂಬಕ್ಕೆ ಒರಗಿದಳು. ಒಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಸ್ಟೇಷನ್ ಮಾಸ್ಟರ್ ಎಂದಿನಂತೆ ಹೊಸ್ತಿಲಾಚೆ.

"ಒಳಗೆ ಬನ್ನಿ."

"ಬೇಡಿ ಡಾಕ್ಟ್ರಮ್ಮ. ಒದೀತಾಳೆ."

"ನಾನಿದ್ದೀನಿ. ಆ ರೈಲಿನ ಕಥೆ ನಾನು ನಿಮ್ ಬಾಯಲ್ಲಿ ಕೇಳೇ ಇಲ್ಲ. ಹೇಳಿ ನೋಡೋಣ."

"ಈಗಲಾ?"

"ಈಗ. ಮಹಾರಾಣಿಗೂ ಬೇಜಾರು ಕಳೀಲಿ."

ಅವನು ಹಿಂದೆ ಮುಂದೆ ನೋಡಿದ. ಆದರೆ ಆ ಕಥೆ ಹೇಳು ಎಂದರೆ ಅವನ ನಾಲಿಗೆ ಅವನ ಮಾತು ಕೇಳುತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡ.

"ಬಂದರಿನ ಊರು ಬಿಟ್ಟ ಮೇಲೆ ಗಾಡಿ ಮೆಲ್ಲಗೆ ಏರುತ್ತೆ. ಹತ್ತು ಹತ್ತು ಹತ್ತು... ಎಡಗಡೆ ಬಂಡೆ, ಬಲಗಡೆ ಬಂಡೆ... ಆಮೇಲೆ ಸುರಂಗ. ಕತ್ತಲು. ಪಕ್ಕದವರ ಮುಖ ಕಾಣಲ್ಲ..."

ಮಹಾರಾಣಿ ಮೆಲುಕು ನಿಲ್ಲಿಸಿದಳು. ಕಿವಿ ಹಿಂದಕ್ಕೆ ತಿರುಗಿಸಿದಳು.

"...ತಕ್ಷಣ ಸುರಂಗ ಮುಗಿಯುತ್ತೆ. ಎಡಗಡೆ ಕಿಟಕಿ. ಅಗೋ! ಸಮುದ್ರ!"

ಟಪ್.

ಹುಲ್ಲಿನ ಮೇಲೆ ಏನೋ ಬಿತ್ತು.

"ನೀಲಿ ಅಂದ್ರೆ ನೀಲಿ. ಅಲೆ ಬಂದು ಗಾಲಿಗೇ ತಾಗಬೇಕು..."

ಟಪ್. ಟಪ್. ಟಪ್.

ಎಲ್ಲರೂ ಬಗ್ಗಿ ನೋಡಿದರು. ಯಾರ ಕೈಯೂ ತಾಗಿರಲಿಲ್ಲ. ಮಹಾರಾಣಿಯ ನಾಲ್ಕೂ ಮೊಲೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು. ಹಸು ಕುತ್ತಿಗೆ ಚಾಚಿ ಸ್ಟೇಷನ್ ಮಾಸ್ಟರನ ತೋಳನ್ನು ಪ್ರೀತಿಯಿಂದ ನೆಕ್ಕಿತು.

ಕೊಟ್ಟಿಗೆಯಲ್ಲಿ ಕೇಳಿದ್ದು ಟಪ್ ಟಪ್ ಒಂದೇ.

"ಹಸುವಿಗೆ ಕರೆಯೋರ ಗುರುತು ಸಿಕ್ಕರೆ ಸಾಕು, ಹಾಲು ತಾನೇ ಇಳಿಯುತ್ತೆ," ಎಂದಳು ಡಾಕ್ಟರಮ್ಮ. "ಕೆಲವಕ್ಕೆ ಬಕೆಟ್ಟಿನ ಸದ್ದು, ಕೆಲವಕ್ಕೆ ಹಾಡು. ಇವಳಿಗೆ ರೈಲು."

"ರೀ..." ಎಂದಳು ಒಡತಿ.

ಸ್ಟೇಷನ್ ಮಾಸ್ಟರ್ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

"ಹೊರಗಿನವರಾಗಿದ್ರೆ ಹಾಲು ಒಯ್ದು ಮಾರ್ತಿದ್ರು," ಎಂದು ಡಾಕ್ಟರಮ್ಮ ಮುಂದುವರಿಸಿದಳು. "ಹೊಟ್ಟೆಕಿಚ್ಚಿನವರಾಗಿದ್ರೆ ಚರಂಡಿಗೆ ಸುರೀತಿದ್ರು. ಆದ್ರೆ ಹಸುವಿನ ಮನೇಲಿ ಹುಟ್ಟಿದವನಿಗೆ ಹಾಲು ಚೆಲ್ಲೋಕೆ ಕೈ ಬರಲ್ಲ. ಬೆಕ್ಕಿಗೆ ಎಷ್ಟು ಅಂತ ಹಾಕ್ತಾನೆ? ಉಳಿದದ್ದಕ್ಕೆ ಹೆಪ್ಪು ಹಾಕಿದ. ಹೋಗಿ ಆ ಕೋಣೆ ಮೇಜಿನ ಕೆಳಗೆ ಗೋಣಿ ಎತ್ತಿ ನೋಡಿ."

ಓರಗಿತ್ತಿ ಓಡಿದಳು. ಎರಡೂ ಕೈಯಲ್ಲಿ ಗಡಿಗೆ ಹಿಡಿದುಕೊಂಡು ಬಂದಳು. "ಇನ್ನೂ ಸಾಲಾಗಿವೆ ಅಕ್ಕಾ! ಗಟ್ಟಿ ಮೊಸರು! ಹಿಂದಿನವು ಹುಳಿ ಬಂದು ಬಿರಿದಿವೆ!"

"ಯಾಕ್ರೀ?" ಒಡತಿಯ ದನಿ ಸಣ್ಣದಾಗಿತ್ತು. "ನೀವೇ ಅಲ್ವಾ ಟಿಕೆಟ್ ತಂದದ್ದು? ನೀವೇ ಅಲ್ವಾ ಮೊಳೆ ಹೊಡೆದದ್ದು? ನನ್ನ ಕರ್ಕೊಂಡು ಹೋಗೋಕೆ ಅಷ್ಟು ಬೇಸರವಾ?"

ಅವನು ಟವೆಲನ್ನು ಮುಖದಿಂದ ತೆಗೆಯಲಿಲ್ಲ. ಡಾಕ್ಟರಮ್ಮನೇ ಹೇಳಬೇಕಾಯಿತು.

"ಬೇಸರ ಅಲ್ಲ, ಭಯ. ನಾನು ಆ ರೈಲಲ್ಲಿ ಹೋಗಿದ್ದೀನಿ. ಹೋಗುವಾಗ ಸಮುದ್ರ ಬರೋದು ಬಲಗಡೆ. ಎಡಗಡೆ ಕೊನೆ ತನಕ ಬಂಡೆ. ಹೋದವರು ಯಾರೂ ಅದನ್ನ ಮರೆಯಲ್ಲ. ಇವರು ಹೋಗಿದ್ದು ನಿಜ. ಆದ್ರೆ ಗಾಡಿ ಅಲುಗಾಡಿದ ಕೂಡಲೇ ಮಲಗಿದ್ರು. ಎದ್ದಿದ್ದು ಕೊನೇ ಸ್ಟೇಷನ್ನಲ್ಲಿ. ಊರಿಗೆ ಬಂದಾಗ ಎಲ್ಲರೂ ಹೇಗಿತ್ತು ಅಂದ್ರು. ಮಲಗಿದ್ದೆ ಅಂತ ಹೇಳೋಕೆ ನಾಚಿಕೆ. ಒಂದು ಮಾತು ಹೇಳಿದ್ರು. ಅದಕ್ಕೆ ಇನ್ನೊಂದು ಅಂಟಿಸಿದ್ರು. ಮೊನ್ನೆ ನಕ್ಷೆ ತಂದು ಬಿಚ್ಚಿದ್ರೆ ಸಮುದ್ರ ಆಚೆ ಕಡೆ ಇದೆ! ಅದರ ಮೇಲೆ ರೈಲು ಅಂಟಿಸಿದ್ರು. ಮಾರನೇ ಬೆಳಿಗ್ಗೆಯಿಂದ ಹಾಲು ಕದ್ದರು."

"ನೀನು ಅಷ್ಟು ವರ್ಷದಿಂದ ಆಸೆ ಇಟ್ಕೊಂಡಿದ್ದೆ," ಎಂದ ಗಂಡ ಟವೆಲಿನ ಒಳಗಿನಿಂದ. "ಕಿಟಕೀಲಿ ಬಂಡೆ ನೋಡಿದ್ರೆ ನನ್ನನ್ನ ಏನಂತ ತಿಳ್ಕೋತಿದ್ದೆ? ನೀನೇ ಬೇಡ ಅನ್ನಲಿ ಅಂತ... ಮೊದಲ ದಿನ ಮಹಾರಾಣಿ ಒದ್ದಳು. ಇಲ್ನೋಡು, ಇನ್ನೂ ನೀಲಿಗಟ್ಟಿದೆ. ಆಮೇಲೆ ಏನೂ ತೋಚದೆ ರೈಲಿನ ಕಥೆ ಹೇಳಿದೆ. ಸುಮ್ಮನೆ ನಿಂತು ಹಾಲು ಕೊಟ್ಟಳು."

"ಅವಳದೇನು ತಪ್ಪು," ಎಂದಳು ಒಡತಿ. "ನಾನೂ ಅದೇ ಕಥೆ ಕೇಳೇ ಮದುವೆ ಆಗಿದ್ದು."

ಅತ್ತೆ ಮೊದಲು ನಕ್ಕಳು. ಆಮೇಲೆ ಓರಗಿತ್ತಿ. ಒಡತಿ ನಗಲಿಲ್ಲ. ಅವಳು ಮಹಾರಾಣಿಯನ್ನು ನೋಡಿದಳು. ಗಂಡನನ್ನು ನೋಡಿದಳು. ಮತ್ತೆ ಮಹಾರಾಣಿಯನ್ನು. ಲೆಕ್ಕವೊಂದು ಕೂಡಿಬಂದವರ ಬೆಳಕು ಅವಳ ಮುಖದಲ್ಲಿ ಮೂಡಿತು.

"ಹಾಗಾದ್ರೆ ನಿಮಗೆ ಕರೆಯೋಕೆ ಬರುತ್ತೆ."

"ಅಂದ್ರೆ... ಅಷ್ಟೇನಿಲ್ಲ..."

"ಕೆಚ್ಚಲು ಹಿಂಡಿದ ಬಟ್ಟೆ ಆಗೋ ಹಾಗೆ ಬರುತ್ತೆ. ಡಾಕ್ಟ್ರಮ್ಮನೇ ಹೇಳಿದ್ರು. ಇಷ್ಟು ವರ್ಷ ಹೊಸ್ತಿಲಲ್ಲಿ ನಿಂತು 'ಒದೀತಾಳೆ, ಒದೀತಾಳೆ' ಅಂತ ನನ್ನ ಕೈ ಸವೆಸಿದ್ರಲ್ಲ?" ಅವಳು ಬಕೆಟ್ಟು ಎತ್ತಿ ಅವನ ಕೈಗಿಟ್ಟಳು. "ಶುಕ್ರವಾರದಿಂದ ಮಹಾರಾಣಿ ನಿಮ್ಮವಳು. ಟಿಕೆಟ್ ಎರಡಿವೆ. ಒಂದು ನಂದು. ಅತ್ತೇ!"

"ಏನೇ?"

"ನೀವೂ ಬನ್ನಿ."

ಮುದುಕಿ ಎದ್ದಳು. "ಬಟ್ಟೆ ಗಿಟ್ಟೆ ಜೋಡಿಸ್ಕೋಬೇಕಲ್ಲ, ಇಷ್ಟು ಬೇಗ ಅಂದ್ರೆ ಹೇಗೆ?" ಎನ್ನುತ್ತ ಡಾಕ್ಟರಮ್ಮನ ಕಡೆ ತಿರುಗಿ ಕಣ್ಣಲ್ಲೇ ಬಾಯಿ ಮುಚ್ಚಿಸಿದಳು.

"ಇನ್ನೊಂದು," ಎಂದಳು ಒಡತಿ ಗಂಡನಿಗೆ. "ನಾಳೆ ಸ್ಟೇಷನ್ನಿಗೆ ಹೋಗಿ ಹೆಸರು ಬದಲಾಯಿಸಿ, ಸೀಟು ಬಲಗಡೆಗೆ ಮಾಡಿಸಿಕೊಂಡು ಬನ್ನಿ. ನಡ್ಕೊಂಡು ಹೋಗಿ. ಬಸ್ಸಲ್ಲಿ ಕೂತ್ರೆ ಮಲಗಿ ಎಲ್ಲೋ ಇಳೀತೀರ."

*

ಶುಕ್ರವಾರ ಸಂಜೆ ಡಾಕ್ಟರಮ್ಮ ಆ ಕಡೆ ಹಾದುಹೋಗುವವಳು ಕೊಟ್ಟಿಗೆಗೆ ಇಣುಕಿದಳು. ಸ್ಟೇಷನ್ ಮಾಸ್ಟರ್ ಮಣೆಯ ಮೇಲೆ ಕುಳಿತಿದ್ದ. ಬಕೆಟ್ಟು ಮೊಣಕಾಲ ನಡುವೆ. ಬಾಯಿ ಮಾತ್ರ ಮುಚ್ಚಿತ್ತು. ಮಹಾರಾಣಿ ಬಾಲ ಬೀಸುತ್ತ, ಕಾಲು ಬದಲಿಸುತ್ತ ಕಾಯುತ್ತಿದ್ದಳು. ಒಂದು ಹನಿ ಇಳಿದಿರಲಿಲ್ಲ.

"ಕಥೆ ಎಲ್ಲಿ?"

"ಬರ್ತಿಲ್ಲ ಡಾಕ್ಟ್ರಮ್ಮ. ಸುಳ್ಳು ಅಂತ ಎಲ್ಲರಿಗೂ ಗೊತ್ತಾದ ಮೇಲೆ ನಾಲಿಗೆ ಏಳ್ತಿಲ್ಲ."

ಆಗ ಅವನ ಫೋನು ಹೊಡೆದುಕೊಂಡಿತು. ಕೈಯೆಲ್ಲ ಕರೆಯಲು ಹಚ್ಚಿಕೊಂಡ ಎಣ್ಣೆ. ಡಾಕ್ಟರಮ್ಮನೇ ಒತ್ತಿ, ಗಟ್ಟಿಯಾಗಿ ಕೇಳುವ ಹಾಗೆ ಮಾಡಿ, ಗೋಡೆಯ ಗೂಡಿನಲ್ಲಿಟ್ಟಳು. ರೈಲಿನ ಸದ್ದು ಕೊಟ್ಟಿಗೆ ತುಂಬಿತು.

"ರೀ, ಕೇಳ್ತಿದೆಯಾ?"

"ಕೇಳ್ತಿದೆ. ಅಮ್ಮ ಹೇಗಿದ್ದಾಳೆ?"

"ಗಾಡಿ ಅಲುಗಾಡಿದ್ದೇ ತಡ, ದಿಂಬು ಊದಿಕೊಂಡು ಮಲಗಿದ್ರು. ಇನ್ನೂ ಎದ್ದಿಲ್ಲ. ಅಪ್ಪನ ಕಡೆ ಗುಣ ಅಂತಿದ್ರಲ್ಲ, ಈಗ ಗೊತ್ತಾಯ್ತು ಯಾರ ಕಡೇದು ಅಂತ." ಅವಳು ನಕ್ಕಳು. ಬಹಳ ವರ್ಷದ ಹಿಂದಿನ ನಗು ಅದು. "ರೀ, ಸುರಂಗ ಬಂತು. ಇರಿ, ಇರಿ, ಇಟ್ಟುಬಿಡ್ಬೇಡಿ."

ಸದ್ದು ಗವಿಯೊಳಗೆ ಹೊಕ್ಕ ಹಾಗೆ ಗಾಢವಾಯಿತು. ಸ್ಟೇಷನ್ ಮಾಸ್ಟರ್ ಫೋನಿನ ಕಡೆ ಕತ್ತು ಚಾಚಿದ. ಆಮೇಲೆ ಸದ್ದು ಒಮ್ಮೆಲೇ ಬಯಲಾಯಿತು.

ಫೋನಿನ ಆಚೆ ಮಾತೇ ಇಲ್ಲ.

"ಏನು? ಏನು ಕಾಣ್ತಿದೆ?" ಎಂದ ಅವನು. "ಹೇಳೇ!"

"ನೀಲಿ ಅಲ್ಲ," ಎಂದಳು ಅವಳು ಮೆಲ್ಲಗೆ. "ಒಂಥರಾ ಪಾಚಿ ಬಣ್ಣ. ದಡದ ಹತ್ತಿರ ಬೆಳ್ಳಗೆ, ಹಾಲು ಉಕ್ಕಿದ ಹಾಗೆ. ಒಂದು ದೋಣಿ ಹೋಗ್ತಿದೆ. ಅದರ ಹಿಂದೆ ಹಕ್ಕಿಗಳು..."

ಟಪ್, ಎಂದಿತು ಬಕೆಟ್ಟು.

ಅವನ ಕೈ ತಾನಾಗಿ ಕೆಚ್ಚಲಿಗೆ ಹೋಯಿತು. ಹಾಲು ಸರ್ರನೆ ಇಳಿಯತೊಡಗಿತು. ಅವಳು ಹೇಳುತ್ತಲೇ ಇದ್ದಳು. ಡಾಕ್ಟರಮ್ಮ ಸದ್ದಾಗದಂತೆ ಹೊರಗೆ ಬಂದು, ಸ್ಕೂಟರು ಹತ್ತುವ ಮೊದಲು ಒಮ್ಮೆ ತಿರುಗಿ ನೋಡಿದಳು. ಸ್ಟೇಷನ್ ಮಾಸ್ಟರ್ ಹಸುವಿನ ಪಕ್ಕೆಗೆ ಹಣೆಯಿಟ್ಟು ಕೇಳುತ್ತಿದ್ದ, ಕಣ್ಣು ಅಗಲವಾಗಿ ತೆರೆದುಕೊಂಡು. ಆ ರೈಲಿನಲ್ಲಿ ಅವನು ಎಚ್ಚರವಾಗಿದ್ದದ್ದು ಅದೇ ಮೊದಲು.